ಹಗೇವಿನ ನೀರೂ ಬಸಿಗಾಲುವೆಯೂ

ಬೆಳಗಾವಿ ಜಿಲ್ಲೆಯ ಕಿತ್ತೂರಿನ ಸಮೀಪದಲ್ಲಿ ದೇಗಾಂವ ಎಂಬ ಚಿಕ್ಕ ಊರಿದೆ. ಗೋವೆಯ ಕದಂಬರ ಅರಸನಾದ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು ೧೨ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯದಿಂದ ಈ ಊರಿನ ಹೆಸರು ಇತಿಹಾಸದಲ್ಲಿ ಉಳಿದುಬಂದಿದೆ. ಆ ಗುಡಿಯು ಎಂಟು ನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡಿದೆ. ಅದನ್ನು ಕಟ್ಟಿದ ಶಿಲ್ಪಿಗಳು ಗುಡಿಯ ನೆಲವನ್ನು ಅಂಗಳಕ್ಕಿಂತ ಮೇಲೆತ್ತಿ, ಕಲ್ಲಿನ ಅಧಿಷ್ಠಾನದ ಮೇಲೆ ನಿಲ್ಲಿಸಿದರು. ನೀರಿಗಿಂತ ಎತ್ತರದಲ್ಲಿರುವವನಿಗೆ ನೀರಿನ ಭಯವಿಲ್ಲ. ಇದು ಅವರು ಬಲ್ಲ ಸರಳವಾದ ನಿಯಮ.

ಆದರೆ ಇದೇ ಸೀಮೆಯ ರೈತನು ತನ್ನ ವರ್ಷದ ಜೋಳವನ್ನು ನೆಲದ ಮೇಲಿಡಲಿಲ್ಲ, ನೆಲದ ಕೆಳಗಿಟ್ಟನು. ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ತೋಡಿದ ಹಗೇವನ್ನು ಉತ್ತರ ಕರ್ನಾಟಕದ ಹಿರಿಯರೆಲ್ಲರೂ ಬಲ್ಲರು. ಪಡಸಾಲೆಯ ಕೆಳಗೋ ಮನೆಯ ಮುಂದಿನ ಅಂಗಳದಲ್ಲೋ ಅದನ್ನು ತೋಡಿ, ಒಳಮೈಗೆ ಒಣಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಕತ್ತಲೆಯಲ್ಲಿ ಹುಳುವೂ ಬದುಕದು. ಕಳ್ಳನ ಕಣ್ಣಿಗೂ ಅದು ಬೀಳದು. ಈಗ ಚೀಲಗಳೂ ಉಗ್ರಾಣಗಳೂ ಬಂದು ಹಗೇವುಗಳು ವಿರಳವಾಗಿವೆ. ಅವುಗಳಿಗೆ ಬದಲಾಗಿ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ಹೊಸ ಕಟ್ಟಡಗಳ ಅಡಿಯಲ್ಲಿ ನೆಲಮಾಳಿಗೆಗಳು ಹುಟ್ಟಿಕೊಂಡಿವೆ. ಹಳೆಯ ಹಗೇವಿಗೂ ಹೊಸ ನೆಲಮಾಳಿಗೆಗೂ ಶತ್ರು ಒಂದೇ. ಅದು ನೀರು.

ಹಗೇವಿಗೆ ನೀರು ಹೊಕ್ಕರೆ ಕೆಡುವುದು ಜೋಳ ಮಾತ್ರವಲ್ಲ. ಕಾಳು ಜೀವವುಳ್ಳ ವಸ್ತು. ತೇವ ತಾಗಿದೊಡನೆ ಅದರ ಉಸಿರಾಟವು ತೀವ್ರವಾಗುವುದು. ಜೊತೆಗೆ ಬೂಷ್ಟೂ ಬೆಳೆಯುವುದು. ಎರಡೂ ಸೇರಿ ಒಳಗಿನ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈ ಆಕ್ಸೈಡನ್ನು ತುಂಬುವುವು. ಈ ಅನಿಲವು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದುದರಿಂದ ತಳದಲ್ಲಿಯೇ ನಿಲ್ಲುವುದು. ಬಾಯಿ ತೆರೆದ ಕೂಡಲೇ ಒಳಗಿಳಿದವರು ಉಸಿರುಕಟ್ಟಿ ಸತ್ತದ್ದುಂಟು; ಅವರನ್ನು ಎತ್ತಲು ಇಳಿದವರೂ ಮೇಲೆ ಬಾರದೆ ಹೋದದ್ದುಂಟು. ದೀಪ ಇಳಿಸಿ ನೋಡುವ ಪದ್ಧತಿ ಹಳೆಯದು; ದೀಪ ಆರಿದರೆ ಅಪಾಯ ಖಂಡಿತ. ಆದರೆ ಆರದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು. ಆದುದರಿಂದ ನೆಲದೊಳಗಿನ ಕೋಣೆಯನ್ನು ಒಣದಾಗಿಡುವ ಪ್ರಶ್ನೆಯು ಅನುಕೂಲದ ಪ್ರಶ್ನೆಯಷ್ಟೇ ಅಲ್ಲ. ಅದಕ್ಕೆ ಭೌತಶಾಸ್ತ್ರವು ಕೊಡುವ ಉತ್ತರವೇನೆಂಬುದನ್ನು ಈ ಲೇಖನದಲ್ಲಿ ನೋಡೋಣ.

ತೇವದ ಮೂರು ದಾರಿಗಳು

ನೆಲಮಾಳಿಗೆಯ ಗೋಡೆ ಒದ್ದೆಯಾಗಿದೆಯೆಂದರೆ ನೀರು ಒಂದೇ ದಾರಿಯಿಂದ ಬಂದಿದೆಯೆಂದು ಹೇಳಲಾಗದು. ಮೊದಲನೆಯದು ಸೋರಿಕೆ: ಮಣ್ಣಿನ ರಂಧ್ರಗಳನ್ನು ತುಂಬಿ ನಿಂತ ನೀರು ತನ್ನ ಒತ್ತಡದಿಂದ ಸಂದುಗಳಲ್ಲಿ ನುಗ್ಗುವುದು. ಎರಡನೆಯದು ಕೇಶಾಕರ್ಷಣೆ: ಬತ್ತಿಯಲ್ಲಿ ಎಣ್ಣೆ ಏರುವಂತೆ ಗೋಡೆಯ ಸೂಕ್ಷ್ಮರಂಧ್ರಗಳಲ್ಲಿ ನೀರು ಏರುವುದು. ಮೂರನೆಯದು ಸಾಂದ್ರೀಕರಣ: ಮಳೆಗಾಲದ ತೇವಭರಿತ ಗಾಳಿಯು ತಣ್ಣನೆಯ ಗೋಡೆಯನ್ನು ತಾಗಿ, ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆ, ಹನಿಗಟ್ಟುವುದು.

ಇವುಗಳನ್ನು ಬೇರ್ಪಡಿಸಲು ಯಾರೂ ಮಾಡಬಹುದಾದ ಒಂದು ಪ್ರಯೋಗವಿದೆ. ಗೋಡೆಯ ಒಂದು ಭಾಗವನ್ನು ಬಟ್ಟೆಯಿಂದ ಒರಸಿ ಒಣಗಿಸಿ, ಅಲ್ಲಿ ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚುಗಳಲ್ಲಿಯೂ ಗಾಳಿಯಾಡದಂತೆ ಅಂಟಿಸಬೇಕು. ಎರಡು ದಿನ ಬಿಟ್ಟು ನೋಡಿರಿ. ಹಾಳೆಯ ಹೊರಮೈ, ಎಂದರೆ ಕೋಣೆಯ ಕಡೆಯ ಮೈ, ಒದ್ದೆಯಾಗಿದ್ದರೆ ನೀರು ಬಂದದ್ದು ಗಾಳಿಯಿಂದ. ಹಾಳೆಯ ಹಿಂದೆ ಒದ್ದೆಯಾಗಿದ್ದರೆ ಅದು ಗೋಡೆಯ ಮೂಲಕ ಬಂದದ್ದು. ಗಾಳಿಯ ತೇವಕ್ಕೆ ಹೊರಗೆ ಕಾಲುವೆ ತೋಡಿ ಪ್ರಯೋಜನವಿಲ್ಲ; ಮಳೆಯ ದಿನಗಳಲ್ಲಿ ಕಿಟಕಿ ಮುಚ್ಚಿ, ಹೊರಗಿನ ಗಾಳಿ ಒಣಗಿರುವಾಗ ತೆರೆಯುವುದೇ ಮದ್ದು. ರೋಗವನ್ನರಿಯದೆ ಮದ್ದು ಕೊಟ್ಟು ಹಣ ಕಳೆದುಕೊಂಡವರು ಈ ವಿಷಯದಲ್ಲಿ ಕಡಿಮೆಯಲ್ಲ.

ತಡೆದರೆ ಬೆಳೆಯುವ ಬಲ

ಸೋರಿಕೆಯನ್ನು ಕಂಡವನಿಗೆ ಮೊದಲು ಹೊಳೆಯುವ ಉಪಾಯವೆಂದರೆ ಒಳಗಿನಿಂದ ಸಿಮೆಂಟು ಮೆತ್ತಿ ಸಂದುಗಳನ್ನು ಮುಚ್ಚುವುದು. ಇದರ ಫಲವೇನೆಂಬುದನ್ನು ಲೆಕ್ಕ ಹಾಕೋಣ.

ಗೋಡೆಯ ಹಿಂದೆ ೨ ಮೀಟರ್ ಎತ್ತರಕ್ಕೆ ನೀರು ನಿಂತಿದೆಯೆಂದು ಭಾವಿಸಿರಿ. ನೀರಿನ ಒತ್ತಡವು ಮೇಲ್ಮೈಯಲ್ಲಿ ಸೊನ್ನೆ. ಆಳಕ್ಕೆ ಇಳಿದಂತೆ ಸಮನಾಗಿ ಏರುತ್ತ ೨ ಮೀಟರಿನಲ್ಲಿ ಚದರ ಮೀಟರಿಗೆ ೨ ಟನ್ ತೂಕದಷ್ಟಾಗುವುದು. ಸರಾಸರಿ ೧ ಟನ್. ಆದುದರಿಂದ ಒಂದು ಮೀಟರ್ ಅಗಲದ ಗೋಡೆಯ ಪಟ್ಟಿಯ ಮೇಲೆ ಬೀಳುವ ಒಟ್ಟು ಬಲವು ೨ ಟನ್ ತೂಕಕ್ಕೆ ಸಮ. ಹತ್ತು ಮೀಟರ್ ಉದ್ದದ ಗೋಡೆಯಾದರೆ ೨೦ ಟನ್. ನೀರು ಅರ್ಧ ಮೀಟರ್ ದಪ್ಪದ್ದೋ ಹತ್ತು ಮೀಟರ್ ದಪ್ಪದ್ದೋ ಎಂಬುದು ಇಲ್ಲಿ ಮುಖ್ಯವಲ್ಲ, ಎತ್ತರವೊಂದೇ ಮುಖ್ಯ. ಪಾಸ್ಕಲನ ನಿಯಮವನ್ನು ಓದಿದ ವಿದ್ಯಾರ್ಥಿಗೆ ಇದು ಹೊಸದಲ್ಲ.

ನೆಲದ ಗತಿಯು ಇನ್ನೂ ವಿಚಿತ್ರವಾದುದು. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ನೆಲಮಾಳಿಗೆಯ ತಳಕ್ಕಿಂತ ಹೊರಗಿನ ನೀರು ಒಂದು ಮೀಟರ್ ಮೇಲಿದ್ದರೆ ತಳವನ್ನು ಮೇಲಕ್ಕೆ ಒತ್ತುವ ಬಲ ೯ ಟನ್. ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟು ನೆಲದ ತೂಕವಾದರೋ ಸುಮಾರು ೨.೨ ಟನ್ ಮಾತ್ರ. ದೋಣಿಯಂತೆ ಆ ನೆಲವು ತೇಲಲು ಹವಣಿಸಿ, ನಡುವೆ ಉಬ್ಬಿ ಸೀಳುವುದರಲ್ಲಿ ಆಶ್ಚರ್ಯವೇನು? ಸಂದು ಇದ್ದಾಗ ಸೋರಿ ಇಳಿಯುತ್ತಿದ್ದ ನೀರನ್ನು ಮುಚ್ಚಿ ಕಟ್ಟಿದರೆ, ಅದು ಹೊರಗೆ ಏರಿ ಬಲ ಕೂಡಿಸಿಕೊಳ್ಳುವುದು.

ಈಗ ಇದೇ ಲೆಕ್ಕವನ್ನು ತಿರುಗಿಸಿ ನೋಡಿರಿ. ಹೊರಗಿನ ನೀರಿನ ಮಟ್ಟವನ್ನು ೨ ಮೀಟರಿನಿಂದ ೧ ಮೀಟರಿಗೆ ಇಳಿಸಿದೆವೆನ್ನೋಣ. ಗರಿಷ್ಠ ಒತ್ತಡ ಅರ್ಧವಾಯಿತು, ಒತ್ತಡ ಬೀಳುವ ಎತ್ತರವೂ ಅರ್ಧವಾಯಿತು. ಒಟ್ಟು ಬಲವು ಕಾಲುಭಾಗಕ್ಕಿಳಿಯಿತು. ನೀರನ್ನು ತಡೆಯುವುದಕ್ಕಿಂತ ಅದರ ಮಟ್ಟವನ್ನು ಇಳಿಸುವುದೇ ಲಾಭವೆಂಬುದು ಇದರಿಂದ ಸಿದ್ಧವಾಗುವುದು. ಮಟ್ಟ ಇಳಿಸುವ ಸಾಧನವೇ ಬಸಿಗಾಲುವೆ.

ಫ್ರಾನ್ಸಿನದಲ್ಲದ ಫ್ರೆಂಚ್ ಕಾಲುವೆ

ಖಡಿ ತುಂಬಿ ಮುಚ್ಚಿದ ಈ ಬಗೆಯ ಕಾಲುವೆಗೆ ಇಂಜಿನಿಯರರು 'ಫ್ರೆಂಚ್ ಡ್ರೇನ್' ಎಂದು ಹೆಸರಿಟ್ಟಿದ್ದಾರೆ. ಇದನ್ನು ಕೇಳಿದವರು ಅದು ಫ್ರಾನ್ಸ್ ದೇಶದಿಂದ ಬಂದುದೆಂದು ತಿಳಿಯುವುದು ಸಹಜ. ವಾಸ್ತವದಲ್ಲಿ ಅದು ಒಬ್ಬ ವ್ಯಕ್ತಿಯ ಹೆಸರು. ಅಮೆರಿಕದ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಎಂಬವನು ವೃತ್ತಿಯಿಂದ ನ್ಯಾಯವಾದಿ, ನ್ಯಾಯಾಧೀಶ, ಅಭಿರುಚಿಯಿಂದ ಕೃಷಿಕ. ೧೮೫೯ರಲ್ಲಿ ಅವನು ಹೊಲಗಳ ನೀರನ್ನು ಬಸಿಯುವ ವಿಧಾನಗಳನ್ನು ಕುರಿತು ಒಂದು ದೊಡ್ಡ ಪುಸ್ತಕವನ್ನು ಪ್ರಕಟಿಸಿದನು. ವಾಷಿಂಗ್‌ಟನ್ನಿನ ಲಿಂಕನ್ ಸ್ಮಾರಕದಲ್ಲಿರುವ ಭವ್ಯ ವಿಗ್ರಹವನ್ನು ರೂಪಿಸಿದ ಶಿಲ್ಪಿ ಡ್ಯಾನಿಯಲ್ ಚೆಸ್ಟರ್ ಫ್ರೆಂಚ್ ಇವನ ಮಗ.

ಆದರೆ ಕಾಲುವೆಯು ಫ್ರೆಂಚನ ಸೃಷ್ಟಿಯೂ ಅಲ್ಲ. ಕ್ರಿಸ್ತಶಕದ ಮೊದಲ ಶತಮಾನದ ರೋಮನ್ ಲೇಖಕ ಕೊಲುಮೆಲ್ಲನು ತನ್ನ ಕೃಷಿಗ್ರಂಥದಲ್ಲಿ, ತೋಡಿದ ಕಾಲುವೆಗೆ ಸಣ್ಣ ಕಲ್ಲುಗಳನ್ನು ತುಂಬಿ ಮೇಲೆ ಮಣ್ಣು ಮುಚ್ಚುವ ಕ್ರಮವನ್ನು ವಿವರಿಸಿದ್ದಾನೆ. ಅನುಭವವು ಹಳೆಯದು, ಅದು ಏಕೆ ಕೆಲಸ ಮಾಡುವುದೆಂಬ ತಿಳಿವಳಿಕೆ ಹೊಸದು. ಮೋಜಿನ ಸಂಗತಿಯೆಂದರೆ, ಆ ತಿಳಿವಳಿಕೆ ಮಾತ್ರ ನಿಜವಾಗಿಯೂ ಫ್ರಾನ್ಸಿನಿಂದಲೇ ಬಂದಿತು.

ಡಾರ್ಸಿಯ ನಿಯಮ

ಫ್ರಾನ್ಸಿನ ದಿಜೋನ್ ನಗರಕ್ಕೆ ಕುಡಿಯುವ ನೀರನ್ನು ಒದಗಿಸಿದ ಇಂಜಿನಿಯರ್ ಹೆನ್ರಿ ಡಾರ್ಸಿಯು, ಮರಳು ತುಂಬಿದ ಕೊಳವೆಗಳಲ್ಲಿ ನೀರು ಎಷ್ಟು ವೇಗದಿಂದ ಹರಿಯುವುದೆಂಬುದನ್ನು ಅಳೆದು ೧೮೫೬ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಅವನು ಕಂಡ ನಿಯಮವು ಸರಳವಾಗಿದೆ: ಹರಿವು ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣಕ್ಕೂ ಎರಡು ತುದಿಗಳ ನೀರಿನ ಮಟ್ಟಗಳ ಅಂತರಕ್ಕೂ ಅನುಪಾತದಲ್ಲಿರುವುದು, ಮರಳಿನ ಉದ್ದಕ್ಕೆ ವಿಲೋಮಾನುಪಾತದಲ್ಲಿರುವುದು. ಉಳಿದುದು ಆ ಪದಾರ್ಥದ ಗುಣ. ಅದನ್ನು ಪಾರಗಮ್ಯತೆಯೆಂದು ಕರೆಯಬಹುದು.

ಈ ಪಾರಗಮ್ಯತೆಯು ಪದಾರ್ಥದಿಂದ ಪದಾರ್ಥಕ್ಕೆ ಬದಲಾಗುವ ಪರಿ ಬೆರಗು ಹುಟ್ಟಿಸುವಂಥದು. ಶುದ್ಧವಾದ ಖಡಿಯಲ್ಲಿ (ದಕ್ಷಿಣದವರ ಜಲ್ಲಿಯಲ್ಲಿ) ಅದು ಸೆಕೆಂಡಿಗೆ ೧೦ ಸೆಂಟಿಮೀಟರಿನಷ್ಟು ಇರಬಹುದು. ಗಟ್ಟಿಯಾದ ಜೇಡಿಮಣ್ಣಿನಲ್ಲಿ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಪಾಲು. ಎಂದರೆ ಜೇಡಿಯಲ್ಲಿ ಒಂದು ವರ್ಷ ತೆಗೆದುಕೊಂಡು ೩ ಸೆಂಟಿಮೀಟರ್ ಸಾಗುವ ನೀರು, ಅದೇ ಪ್ರೇರಣೆಯಿಂದ, ಖಡಿಯಲ್ಲಿ ಅಷ್ಟು ದೂರವನ್ನು ಅರ್ಧ ಸೆಕೆಂಡಿನೊಳಗೆ ದಾಟುವುದು. ಮಣ್ಣಿನೊಳಗೆ ಖಡಿಯ ಪಟ್ಟಿಯೊಂದನ್ನಿಟ್ಟರೆ, ಅದು ಮುಳ್ಳುಕಂಟಿಗಳ ನಡುವಿನ ಹೆದ್ದಾರಿಯಂತೆ. ನೀರು ಗೋಡೆಯ ಕಡೆಗೆ ಹೋಗುವುದನ್ನು ಬಿಟ್ಟು ಈ ಸುಲಭದ ದಾರಿಯನ್ನು ಹಿಡಿಯುವುದು.

ಹಾಗಾದರೆ ಖಡಿಯೊಂದೇ ಸಾಲದೆ? ಒಳಗೆ ಕೊಳವೆ ಏಕೆ ಬೇಕು? ಮೂವತ್ತು ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಖಡಿಯ ಪಟ್ಟಿಯನ್ನು ನೂರಕ್ಕೆ ಒಂದರ ಇಳಿಜಾರಿನಲ್ಲಿ ಹಾಕಿದರೆ, ಡಾರ್ಸಿಯ ನಿಯಮದಂತೆ ಅದರಲ್ಲಿ ಹರಿಯುವುದು ಸೆಕೆಂಡಿಗೆ ೯೦ ಘನ ಸೆಂಟಿಮೀಟರ್. ಗಂಟೆಗೆ ಸುಮಾರು ೩೨೫ ಲೀಟರ್. ಅದೇ ಇಳಿಜಾರಿನಲ್ಲಿ ೧೦ ಸೆಂಟಿಮೀಟರ್ ವ್ಯಾಸದ ನಯವಾದ ಕೊಳವೆಯು ಸೆಕೆಂಡಿಗೆ ಸುಮಾರು ೫ ಲೀಟರ್ ಸಾಗಿಸಬಲ್ಲದು. ಐವತ್ತು ಪಟ್ಟಿಗೂ ಮಿಗಿಲು. ಖಡಿಯ ಕೆಲಸ ನೀರನ್ನು ಕೂಡಿಸುವುದು, ಕೊಳವೆಯ ಕೆಲಸ ಅದನ್ನು ಸಾಗಿಸುವುದು.

ಎರೆಯ ನೆಲದ ಗುಟ್ಟು

ಕಿತ್ತೂರಿನ ಸೀಮೆಯು ಮಲೆನಾಡಿಗೂ ಬಯಲುಸೀಮೆಗೂ ನಡುವೆ ಇದೆ. ಪಶ್ಚಿಮಕ್ಕೆ ಖಾನಾಪುರದತ್ತ ಹೋದಂತೆ ಮಳೆ ಹೆಚ್ಚು. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಗಳತ್ತ ಹೋದಂತೆ ಮಳೆ ಕಡಿಮೆ. ಈ ಭಾಗದ ರೈತರು ಮಸಾರಿಯೆಂದೂ ಎರೆಯೆಂದೂ ನೆಲವನ್ನು ವಿಂಗಡಿಸುವರು. ಗರಸು ಬೆರೆತ ಕೆಂಪು ಮಸಾರಿಯಲ್ಲಿ ನೀರು ಸುಲಭವಾಗಿ ಇಂಗುವುದರಿಂದ ಬಸಿಗಾಲುವೆಯ ಕೆಲಸವೂ ಸುಲಭ. ಕಪ್ಪು ಎರೆಯ ಸ್ವಭಾವವೇ ಬೇರೆ.

ಎರೆಮಣ್ಣಿನ ಜೇಡಿಕಣಗಳು ತೆಳುವಾದ ಪದರಗಳಿಂದ ಆದವು. ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುವುದು. ಒಣಗಿದರೆ ಕುಗ್ಗಿ ಬಿರಿಯುವುದು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬೀಳುವುದನ್ನು ಯಾರು ಕಂಡಿಲ್ಲ? ಮೊದಲ ಮಳೆಯ ನೀರು ಈ ಬಿರುಕುಗಳಲ್ಲಿ ತೊರೆಯಂತೆ ಇಳಿದು ನೆಟ್ಟಗೆ ಹಗೇವಿನ ಗೋಡೆಗೆ ಬಡಿಯುವುದು. ಮಳೆ ಮುಂದುವರಿದಂತೆ ಮಣ್ಣು ಉಬ್ಬಿ ಬಿರುಕು ಮುಚ್ಚುವುದು. ಅನಂತರ ಒಳಗೆ ಸಿಕ್ಕಿದ ನೀರು ಹೊರಬರಲು ತಿಂಗಳುಗಳೇ ಬೇಕು. ಇದಲ್ಲದೆ, ಗೋಡೆ ಕಟ್ಟಿದ ಮೇಲೆ ಅದರ ಸುತ್ತ ತುಂಬಿದ ಮಣ್ಣು ಎಂದೂ ಮೂಲನೆಲದಷ್ಟು ಬಿಗಿಯಾಗಿರದು. ಸಡಿಲವಾದ ಆ ಪಟ್ಟಿಯು ಎರೆಯ ನಡುವೆ ತೊಟ್ಟಿಯಂತೆ ನೀರು ಹಿಡಿದು ನಿಲ್ಲುವುದು.

ಆದುದರಿಂದ ಎರೆನೆಲದಲ್ಲಿ ಕಾಲುವೆ ತೋಡಿ, ಜೇಡಿಯೆಲ್ಲ ಬಸಿದು ಒಣಗುವುದೆಂದು ನಂಬಬಾರದು. ವರ್ಷಕ್ಕೆ ೩ ಸೆಂಟಿಮೀಟರ್ ಸಾಗುವ ನೀರಿಗೆ ಕಾಯುವವರಾರು? ಕಾಲುವೆಯು ಅಲ್ಲಿ ಹಿಡಿಯತಕ್ಕದ್ದು ಬಿರುಕಿನ ನೀರನ್ನು ಮತ್ತು ಗೋಡೆಯ ಬದಿಯ ತೊಟ್ಟಿಯ ನೀರನ್ನು. ಬಂದ ನೀರನ್ನು ಬಸಿಯುವುದಕ್ಕಿಂತ, ಬರುವ ನೀರನ್ನು ದೂರವಿಡುವುದು ಅಲ್ಲಿ ಹೆಚ್ಚು ಫಲಕಾರಿ.

ಮೊದಲು ಮೇಲಿನ ನೀರು

ನೂರು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಗಂಟೆಯಲ್ಲಿ ೨೫ ಮಿಲಿಮೀಟರ್ ಮಳೆ ಬಿದ್ದರೆ ೨,೫೦೦ ಲೀಟರ್ ನೀರಾಯಿತು. ಅದು ಗೋಡೆಯ ಬುಡಕ್ಕೇ ಬಿದ್ದರೆ ಯಾವ ಕಾಲುವೆಯೂ ಮನೆಯನ್ನು ಕಾಯಲಾರದು. ಮಾಳಿಗೆಯ ನೀರನ್ನು ಬೇರೆ ಕೊಳವೆಯಿಂದ ದೂರಕ್ಕೆ ಒಯ್ಯಬೇಕು; ಅದನ್ನು ಬಸಿಗಾಲುವೆಗೆ ಎಂದೂ ಕೂಡಿಸಬಾರದು. ಮನೆಯ ಸುತ್ತಲಿನ ನೆಲವು ಗೋಡೆಯಿಂದ ಮೊದಲ ೩ ಮೀಟರಿನಲ್ಲಿ ೧೫ ಸೆಂಟಿಮೀಟರಿನಷ್ಟಾದರೂ ಹೊರಕ್ಕೆ ಇಳಿದಿರಬೇಕು. ಎಷ್ಟೋ ಮನೆಗಳಿಗೆ ಇಷ್ಟೇ ಸಾಕಾಗುವುದು. ಕಾಲುವೆಯ ಖರ್ಚೇ ಉಳಿಯುವುದು.

ಕಾಲುವೆಯ ರಚನೆ

ಇಷ್ಟಾದರೂ ಸೋರಿಕೆ ನಿಲ್ಲದಿದ್ದರೆ ಕಾಲುವೆಗೆ ಕೈ ಹಾಕಬೇಕು. ತೋಡುವ ಕಾಲ ಬೇಸಿಗೆ. ತೋಡುವ ಮೊದಲು ಗೊತ್ತುಮಾಡಬೇಕಾದುದು ನೀರು ಹೊರಬೀಳುವ ತಾಣ. ಅದು ಕಾಲುವೆಯ ತಳಕ್ಕಿಂತ ತಗ್ಗಿನಲ್ಲಿರಬೇಕು. ನೆರೆಯವನ ಗೋಡೆಯ ಬುಡವಾಗಲಿ, ಕುಡಿಯುವ ನೀರಿನ ಬಾವಿಯ ಬದಿಯಾಗಲಿ ಆಗಿರಬಾರದು. ತಗ್ಗು ದೊರೆಯದ ಸಮತಟ್ಟಾದ ನೆಲದಲ್ಲಿ ಒಂದು ಗುಂಡಿಗೆ ನೀರನ್ನು ಕೂಡಿಸಿ ಪಂಪಿನಿಂದ ಎತ್ತದೆ ಗತಿಯಿಲ್ಲ.

ಹೊಸ ಮನೆಯಾದರೆ ಅಡಿಪಾಯ ಕಟ್ಟುವಾಗಲೇ ಗೋಡೆಯ ಹೊರಬದಿಯಲ್ಲಿ, ನೆಲಮಾಳಿಗೆಯ ತಳಕ್ಕಿಂತ ಕೆಳಗೆ ಆದರೆ ಅಡಿಪಾಯದ ತಳಕ್ಕಿಂತ ಕೆಳಗೆ ಹೋಗದಂತೆ, ಕೊಳವೆಯನ್ನು ಹಾಕುವುದು ಉತ್ತಮ. ಹಳೆಯ ಮಣ್ಣಿನ ಗೋಡೆಯ ಮನೆಗೆ ಈ ಕ್ರಮ ಸಲ್ಲದು. ೨೦೧೯ರ ಆಗಸ್ಟಿನ ಮಳೆ ಮತ್ತು ನೆರೆಯಲ್ಲಿ ಬೆಳಗಾವಿ ಜಿಲ್ಲೆಯ ಸಾವಿರಾರು ಮನೆಗಳು ಕುಸಿದವು. ನೆನೆದ ಮಣ್ಣಿನ ಗೋಡೆಗೆ ಬಲವೆಷ್ಟೆಂಬುದನ್ನು ಆಗ ಎಲ್ಲರೂ ಕಂಡರು. ಅಂಥ ಗೋಡೆಯ ಬುಡವನ್ನು ತೋಡುವುದೆಂದರೆ ಮದ್ದಿನಿಂದಲೇ ರೋಗಿಯನ್ನು ಕೊಂದಂತೆ. ಅಡಿಪಾಯದ ತಳಕ್ಕಿಂತ ಕಾಲುವೆ ಎಷ್ಟು ಆಳವಾಗಿ ಇಳಿಯುವುದೋ ಕನಿಷ್ಠ ಅಷ್ಟು ದೂರವನ್ನು ಗೋಡೆಯಿಂದ ಬಿಡಬೇಕು. ಹಗೇವಿರುವ ಮನೆಗೆ ಏರುಭಾಗದಲ್ಲಿ, ಮನೆಯಿಂದ ದೂರದಲ್ಲಿ, ಇಳಿಜಾರಿಗೆ ಅಡ್ಡವಾಗಿ ಒಂದು ಮೀಟರಿನಷ್ಟು ಆಳದ ಕಾಲುವೆಯನ್ನು ತೋಡಿ, ನೀರನ್ನು ಮನೆಯ ಎರಡೂ ಬದಿಗೆ ತಿರುಗಿಸುವುದೇ ಕ್ಷೇಮ. ಒಂದೂವರೆ ಮೀಟರಿಗಿಂತ ಆಳದ ಕಾಲುವೆಗೆ ಬದಿಗಳಿಗೆ ಆಸರೆ ಕೊಡದೆ ಮನುಷ್ಯನನ್ನು ಇಳಿಸಬಾರದು.

ಇಳಿಜಾರು ನೂರಕ್ಕೆ ಒಂದು ಇರಲಿ; ಹತ್ತು ಮೀಟರ್ ಉದ್ದಕ್ಕೆ ೧೦ ಸೆಂಟಿಮೀಟರ್. ಇದನ್ನು ಕಣ್ಣಳತೆಯಿಂದ ಮಾಡಲಾಗದು. ಗೌಂಡಿಯ ಬಳಿ ನೀರು ತುಂಬಿದ ಪಾರದರ್ಶಕ ಕೊಳವೆಯಿರುವುದು. ಅದರ ಎರಡು ತುದಿಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಹತ್ತು ಮೀಟರ್ ದೂರದ ಎರಡು ಗೂಟಗಳ ಎತ್ತರವನ್ನು ಕೆಲವೇ ಮಿಲಿಮೀಟರುಗಳ ತಪ್ಪಿನೊಳಗೆ ಹೋಲಿಸಬಹುದು.

ತಳದಲ್ಲಿ ಐದಾರು ಸೆಂಟಿಮೀಟರ್ ಖಡಿ ಹರಡಿ, ತೂತುಗಳುಳ್ಳ ಕೊಳವೆಯನ್ನು ತೂತುಗಳು ಕೆಳಮುಖವಾಗುವಂತೆ ಇಡಬೇಕು. ಇದು ತಲೆಕೆಳಗಾದ ಬುದ್ಧಿಯೆಂದು ಕೆಲವರಿಗೆ ತೋರಬಹುದು. ಆದರೆ ನೀರು ಕಾಲುವೆಯಲ್ಲಿ ತಳದಿಂದ ಮೇಲಕ್ಕೆ ತುಂಬುವುದು. ತೂತು ಕೆಳಗಿದ್ದರೆ ನೀರು ತುಸು ಏರಿದೊಡನೆಯೇ ಕೊಳವೆಯನ್ನು ಹೊಗುವುದು. ಮೇಲಿದ್ದರೆ ಕೊಳವೆಯ ಎತ್ತರವನ್ನು ದಾಟುವವರೆಗೆ ಹೊರಗೇ ನಿಲ್ಲುವುದು. ಕೊಳವೆಯ ಸುತ್ತಲೂ ಮೇಲೂ ಸುಮಾರು ೨೦ ಮಿಲಿಮೀಟರ್ ಗಾತ್ರದ, ತೊಳೆದ ಖಡಿಯನ್ನು ತುಂಬಬೇಕು. ಹೊರತುದಿಗೆ ಇಲಿ, ಹೆಗ್ಗಣಗಳು ಹೊಗದಂತೆ ಜಾಲರಿ ಕಟ್ಟಬೇಕು.

ಕಾಲುವೆಯ ಆಯುಷ್ಯ

ಬಸಿಗಾಲುವೆಗಳು ಕೆಡುವುದು ಹೆಚ್ಚಾಗಿ ಒಂದೇ ಕಾರಣದಿಂದ. ನೀರಿನೊಡನೆ ಮಣ್ಣಿನ ಸಣ್ಣ ಕಣಗಳು ಬಂದು ಖಡಿಯ ಸಂದುಗಳನ್ನು ತುಂಬುವುವು. ಒಂದಕ್ಕೊಂದು ತಾಗಿದ ಮೂರು ಸಮಾನ ಗೋಲಿಗಳ ನಡುವಿನ ಸಂದಿಯಲ್ಲಿ ತೂರಬಲ್ಲ ಗೋಲಿಯ ವ್ಯಾಸವು ದೊಡ್ಡ ಗೋಲಿಯ ವ್ಯಾಸದ ಸುಮಾರು ಆರೂವರೆಯ ಒಂದಂಶ. ಇದನ್ನು ವಿದ್ಯಾರ್ಥಿಗಳು ರೇಖಾಗಣಿತದಿಂದ ತಾವೇ ಸಾಧಿಸಬಹುದು. ಆದುದರಿಂದ ಸೋಸುವ ಪದರದ ಕಣಗಳು ತಡೆಯಬೇಕಾದ ಕಣಗಳ ನಾಲ್ಕೈದು ಪಟ್ಟಿಗಿಂತ ದೊಡ್ಡವಾಗಿರಬಾರದು. ಮಣ್ಣಿನ ಬಲವಿಜ್ಞಾನದ ಪಿತಾಮಹನೆನಿಸಿದ ಕಾರ್ಲ್ ಟೆರ್ಜಾಗಿಯು (೧೮೮೩–೧೯೬೩) ಕೊಟ್ಟ ಸೋಸುನಿಯಮವು ಇದನ್ನೇ ಹೇಳುವುದು. ಎರೆಯ ನುಣುಪಾದ ಕಣಕ್ಕೂ ೨೦ ಮಿಲಿಮೀಟರ್ ಖಡಿಗೂ ಇರುವ ಅಂತರ ಸಾವಿರಾರು ಪಟ್ಟು. ನಡುವೆ ಉಸುಕಿನ ಪದರವೊಂದು, ಇಲ್ಲವೆ ಇದಕ್ಕಾಗಿಯೇ ದೊರೆಯುವ ಕೃತಕ ನಾರಿನ ಬಟ್ಟೆ ಬೇಕೇ ಬೇಕು. ಬಟ್ಟೆಯನ್ನು ಮೊದಲು ಕಾಲುವೆಯ ಬದಿಗಳಿಗೆ ಹಾಸಿ, ಖಡಿ ತುಂಬಿದ ಮೇಲೆ ಹೊದಿಕೆಯಂತೆ ಮೇಲಕ್ಕೆ ಮಡಿಸಿ, ಅದರ ಮೇಲೆ ಒಂದು ಗೇಣಿಗೂ ಮಿಕ್ಕಿ ಮಣ್ಣನ್ನು ಧಮ್ಮಸ್ಸು ಮಾಡಬೇಕು.

ಕಾಲುವೆಗೆ ಸಾಧ್ಯವಿಲ್ಲದ ಕೆಲಸ

ಇಷ್ಟೆಲ್ಲ ಮಾಡಿದ ಮೇಲೂ ಗೋಡೆಯ ಬುಡದಲ್ಲಿ ತೇವದ ಪಟ್ಟಿ ಉಳಿಯಬಹುದು. ಅದು ಕೇಶಾಕರ್ಷಣೆಯ ನೀರು. ಒಂದು ಮಿಲಿಮೀಟರ್ ವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ೩ ಸೆಂಟಿಮೀಟರ್ ಏರುವುದು. ಅದರ ನೂರನೆಯ ಒಂದಂಶ ವ್ಯಾಸದ ರಂಧ್ರದಲ್ಲಿ ೩ ಮೀಟರ್ ಏರಬಲ್ಲದು. ಈ ನೀರಿನ ಒತ್ತಡವು ವಾಯುವಿನ ಒತ್ತಡಕ್ಕಿಂತ ಕಡಿಮೆಯಾಗಿರುವುದರಿಂದ ಅದು ತಾನಾಗಿ ಖಡಿಯ ದೊಡ್ಡ ಸಂದುಗಳಿಗೆ ಇಳಿದುಬಾರದು. ಒದ್ದೆ ಸ್ಪಂಜನ್ನು ಖಡಿಯ ಮೇಲಿಟ್ಟರೆ ನೀರು ಸುಮ್ಮನೆ ಸುರಿದುಹೋಗುವುದೆ? ಕಾಲುವೆಯು ಬಸಿಯುವುದು ಒತ್ತಡವುಳ್ಳ ನೀರನ್ನು ಮಾತ್ರ. ಆದರೆ ಇದೇ ಗುಣವನ್ನು ನಮ್ಮ ಲಾಭಕ್ಕೆ ತಿರುಗಿಸಬಹುದು. ನೆಲದ ಕೆಳಗೆ ಒಂದು ಗೇಣು ಖಡಿ ಹಾಸಿದರೆ ಅದರ ದೊಡ್ಡ ಸಂದುಗಳಲ್ಲಿ ತೇವವು ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಏರದೆ ಅಲ್ಲಿಯೇ ನಿಲ್ಲುವುದು. ಹಗೇವಿನ ಒಳಮೈಗೆ ಹುಲ್ಲು ಹೊದಿಸಿದ ಹಿರಿಯರು ಸಾಧಿಸಿದುದೂ ಇದನ್ನೇ: ತೇವದ ಮಣ್ಣಿಗೂ ಕಾಳಿಗೂ ನಡುವೆ ದೊಡ್ಡ ಸಂದುಗಳ ಒಂದು ಪದರ.

ಮುಂದಿನ ಮಳೆಗಾಲದಲ್ಲಿ ಗೋಡೆಯೊಂದು ಒದ್ದೆಯಾದುದನ್ನು ಕಂಡಾಗ, ಸಿಮೆಂಟಿನ ಚೀಲವನ್ನು ಹುಡುಕುವ ಮೊದಲು ಒಂದು ಕೊಡೆ ಹಿಡಿದು ಹೊರಗೆ ಬನ್ನಿರಿ. ಮಾಳಿಗೆಯ ನೀರು ಎಲ್ಲಿ ಬೀಳುತ್ತಿದೆ, ಅಂಗಳ ಯಾವ ಕಡೆಗೆ ಇಳಿದಿದೆ, ನೀರು ಎಲ್ಲಿ ಕಾಲೂರಿ ನಿಂತಿದೆ ಎಂಬುದನ್ನು ನೋಡಿರಿ. ನೀರಿಗೆ ಮನೆಯೊಳಗೆ ಬರಬೇಕೆಂಬ ಹಟವೇನೂ ಇಲ್ಲ. ತನಗೆ ಸುಲಭವಾದ ದಾರಿಯಲ್ಲಿ ಅದು ತಗ್ಗಿಗೆ ಹೋಗುವುದು. ಆ ಸುಲಭದ ದಾರಿಯು ಮನೆಯ ಹೊರಗಿರುವಂತೆ ಮಾಡಿಕೊಟ್ಟರೆ ನಮ್ಮ ಕೆಲಸ ಮುಗಿಯಿತು.